ಸಂಸಾರಿ ಪಾದ್ರಿಯ ಲೆಕ್ಕ

1740ರ ದಶಕದಲ್ಲಿ ಎಡಿನ್‌ಬರೋ ನಗರದ ಇಬ್ಬರು ಪಾದ್ರಿಗಳು ಕೂತು ಒಂದು ಲೆಕ್ಕ ಹಾಕಿದರು. ಸ್ಕಾಟ್ಲೆಂಡಿನ ಪಾದ್ರಿಗಳೆಲ್ಲ ವರ್ಷಕ್ಕೆ ಇಂತಿಷ್ಟು ಎಂದು ಹಣ ಕಟ್ಟುತ್ತ ಹೋದರೆ, ಸತ್ತವರ ಹೆಂಡತಿ ಮಕ್ಕಳಿಗೆ ಕೊಡಬೇಕಾದ್ದನ್ನೆಲ್ಲ ಕೊಟ್ಟ ಮೇಲೂ 1765ರ ಹೊತ್ತಿಗೆ ನಿಧಿಯಲ್ಲಿ 58,348 ಪೌಂಡ್ ಉಳಿದಿರಬೇಕು ಎಂದು ಉತ್ತರ ಬಂತು. 1765 ಬಂತು. ಪುಸ್ತಕ ತೆಗೆದು ನೋಡಿದರೆ ಇದ್ದದ್ದು 58,347 ಪೌಂಡ್.

ಒಂದು ಪೌಂಡ್ ಕಡಿಮೆ, ಅಷ್ಟೇ. ಭಾನುವಾರ ವೇದಿಕೆ ಹತ್ತಿ ಪರಲೋಕದ ಮಾತಾಡಬೇಕಾದವರು, ಯಾರು ಯಾವಾಗ ಸಾಯಬಹುದು ಎಂಬ ಸರಾಸರಿಯನ್ನು ಇಷ್ಟು ನಿಖರವಾಗಿ ಎಣಿಸುತ್ತ ಯಾಕೆ ಕೂತರು? ಉತ್ತರ ಸರಳ. ಅವರಿಗೆ ಹೆಂಡತಿ ಮಕ್ಕಳಿದ್ದರು. ಹಳೆಯ ಕಾಲದ ಪ್ರಾಟೆಸ್ಟಂಟ್ ಪಾದ್ರಿಯ ಬದುಕನ್ನು ಅರ್ಥಮಾಡಿಕೊಳ್ಳಲು ಅವನ ದೇವತಾಶಾಸ್ತ್ರಕ್ಕಿಂತ ಮೊದಲು ಅವನ ಅಡುಗೆಮನೆ, ಕಣಜ ನೋಡಬೇಕು ಎಂದು ನನಗನ್ನಿಸುವುದು ಇದೇ ಕಾರಣಕ್ಕೆ. ಪಾದ್ರಿ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಬಿಳಿ ನಿಲುವಂಗಿಯ, ಮದುವೆಯಾಗದ ಫಾದರ್ ನೆನಪಾಗುತ್ತಾರೆ. ಅದು ಕ್ಯಾಥೊಲಿಕ್ ಪದ್ಧತಿ. ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ಪಾದ್ರಿಯ ಕತೆ.

12ನೇ ಶತಮಾನದಲ್ಲಿ ರೋಮಿನಲ್ಲಿ ಸೇರಿದ ಲ್ಯಾಟರನ್ ಎಂಬ ಚರ್ಚ್ ಮಹಾಸಭೆಗಳ ನಂತರ ಪಶ್ಚಿಮ ಯುರೋಪಿನ ಚರ್ಚಿನಲ್ಲಿ ಪಾದ್ರಿಯ ಮದುವೆಗೆ ಮಾನ್ಯತೆ ಇರಲಿಲ್ಲ. ನಿಯಮ ಹಾಗಿದ್ದರೂ ಹಳ್ಳಿಗಳಲ್ಲಿ ಎಷ್ಟೋ ಪಾದ್ರಿಗಳು ಮನೆಗೆಲಸದವಳು ಎಂಬ ಹೆಸರಿನಲ್ಲಿ ಹೆಂಗಸೊಬ್ಬಳನ್ನು ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದರು. ಬಿಷಪ್ಪನಿಗೆ ದಂಡ ಕಟ್ಟಿ ಸುಮ್ಮನಾಗುತ್ತಿದ್ದರು. ಕ್ಯಾಥೊಲಿಕ್ ಚರ್ಚಿನಿಂದ ಸಿಡಿದು ಪ್ರಾಟೆಸ್ಟಂಟ್ ಪಂಥಕ್ಕೆ ಬುನಾದಿ ಹಾಕಿದ ಜರ್ಮನಿಯ ಮಾರ್ಟಿನ್ ಲೂಥರ್ ಇದನ್ನು ಬಯಲಿಗೆ ತಂದ. ತಾನೇ ಸನ್ಯಾಸಿಯಾಗಿದ್ದವನು 1525ರ ಜೂನ್‌ನಲ್ಲಿ, ಎರಡು ವರ್ಷ ಹಿಂದೆ ಕನ್ಯಾಮಠದಿಂದ ತಪ್ಪಿಸಿಕೊಂಡು ಬಂದಿದ್ದ ಕಟರೀನಾ ಫಾನ್ ಬೋರಾಳನ್ನು ಮದುವೆಯಾದ. ವಿಟೆನ್‌ಬರ್ಗ್‌ನಲ್ಲಿ ಅವನಿದ್ದ ಮಠವೇ ಅವರ ಮನೆಯಾಯಿತು.

ಆ ಮನೆ ನಡೆದದ್ದು ಕಟರೀನಾಳಿಂದ. ಲೂಥರ್ ತನ್ನ ಪುಸ್ತಕಗಳಿಗೆ ಸಂಭಾವನೆ ತೆಗೆದುಕೊಳ್ಳುತ್ತಿರಲಿಲ್ಲ, ಕೈಯಲ್ಲಿದ್ದದ್ದನ್ನು ಕೇಳಿದವರಿಗೆ ಕೊಟ್ಟುಬಿಡುವವನು. ಅವಳು ಬಿಯರ್ ಕಾಸಿದಳು, ಹಂದಿ ದನ ಸಾಕಿದಳು, ತೋಟ ಮಾಡಿದಳು, ವಿದ್ಯಾರ್ಥಿಗಳಿಗೆ ಊಟ ವಸತಿ ಕೊಟ್ಟು ಹಣ ತೆಗೆದುಕೊಂಡಳು. ಆರು ಮಕ್ಕಳನ್ನು ಹೆತ್ತಳು. 1546ರಲ್ಲಿ ಲೂಥರ್ ಸತ್ತ. ಎಲ್ಲವನ್ನೂ ಹೆಂಡತಿಗೇ ಬರೆದಿಟ್ಟಿದ್ದ ಅವನ ಉಯಿಲು ಸ್ಯಾಕ್ಸನಿಯ ಕಾನೂನಿನ ಮುಂದೆ ನಿಲ್ಲಲಿಲ್ಲ. ಅದೇ ವರ್ಷ ಯುದ್ಧ ಶುರುವಾಗಿ ಅವಳು ಊರು ಬಿಟ್ಟು ಓಡಬೇಕಾಯಿತು. ತೋಟ ಹಾಳಾಯಿತು, ದನಕರು ಹೋದವು. 1552ರಲ್ಲಿ ಟೋರ್ಗೌ ಎಂಬ ಊರಿನಲ್ಲಿ ಕಷ್ಟದಲ್ಲೇ ತೀರಿಕೊಂಡಳು. ಪಾದ್ರಿಗೆ ಮದುವೆಯ ಹಕ್ಕು ದಕ್ಕಿತ್ತು, ಪಾದ್ರಿ ಸತ್ತರೆ ಸಂಸಾರದ ಗತಿಯೇನು ಎಂಬುದಕ್ಕೆ ಮಾತ್ರ ಯಾರೂ ವ್ಯವಸ್ಥೆ ಮಾಡಿರಲಿಲ್ಲ. ಮುಂದಿನ ಮುನ್ನೂರು ವರ್ಷ ಈ ಪ್ರಶ್ನೆ ಪ್ರಾಟೆಸ್ಟಂಟ್ ನಾಡುಗಳನ್ನೆಲ್ಲ ಕಾಡಿತು.

ಇಂಗ್ಲೆಂಡಿನಲ್ಲಂತೂ ಮದುವೆಯೇ ಕೆಲಸಕ್ಕೆ ಕುತ್ತು ತಂದ ಕಾಲವಿತ್ತು. 1549ರಲ್ಲಿ ಪಾದ್ರಿಗಳ ಮದುವೆಗೆ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟಿತು. 1553ರಲ್ಲಿ ಕ್ಯಾಥೊಲಿಕ್ ರಾಣಿ ಮೇರಿ ಪಟ್ಟಕ್ಕೆ ಬಂದು ಆ ಕಾನೂನನ್ನು ರದ್ದು ಮಾಡಿಸಿದಳು. ಮೊದಲಿನ ನಾಲ್ಕು ವರ್ಷದಲ್ಲಿ ಮದುವೆಯಾದವರು ಕೆಲಸ ಕಳೆದುಕೊಂಡರು.

ಇನ್ನು ಪಾದ್ರಿಯ ಹೊಟ್ಟೆ ತುಂಬಿಸುತ್ತಿದ್ದದ್ದು ಯಾವುದು? ತಿಂಗಳ ಸಂಬಳ ಅಲ್ಲ. ಇಂಗ್ಲೆಂಡಿನ ವ್ಯವಸ್ಥೆಯನ್ನೇ ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಗೋಜಲು ಇರುವುದು ಅಲ್ಲೇ. ಒಂದು ಚರ್ಚಿಗೆ ಸೇರಿದ ಊರುಕೇರಿಗಳ ವ್ಯಾಪ್ತಿಗೆ ಪ್ಯಾರಿಷ್ ಎನ್ನುತ್ತಾರೆ. ಅದರೊಳಗೆ ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿನದು: ದಶಮಾಂಶ. ಹತ್ತು ಸಿವುಡು ಗೋಧಿಗೆ ಒಂದು ಸಿವುಡು, ಹತ್ತು ಕುರಿಮರಿಗೆ ಒಂದು ಮರಿ. ಧಾನ್ಯ, ಹುಲ್ಲು, ಸೌದೆ ಇವು ದೊಡ್ಡ ದಶಮಾಂಶ. ಉಣ್ಣೆ, ಹಂದಿಮರಿ, ಮೊಟ್ಟೆ, ಹಣ್ಣು, ಜೇನು ಇತ್ಯಾದಿ ಚಿಕ್ಕ ದಶಮಾಂಶ. ಎರಡೂ ಯಾರಿಗೆ ಸಲ್ಲುತ್ತದೋ ಅವನು ರೆಕ್ಟರ್. ಚಿಕ್ಕದು ಮಾತ್ರ ಸಲ್ಲುವವನು ವಿಕಾರ್.

ಹಾಗಾದರೆ ವಿಕಾರ್ ಇರುವ ಊರಿನಲ್ಲಿ ದೊಡ್ಡ ಪಾಲು ಯಾರಿಗೆ ಹೋಗುತ್ತಿತ್ತು? ಮಧ್ಯಯುಗದಲ್ಲಿ ಎಷ್ಟೋ ಪ್ಯಾರಿಷ್‌ಗಳು ಮಠಗಳ ಸುಪರ್ದಿಯಲ್ಲಿದ್ದವು. ಧಾನ್ಯವನ್ನು ಮಠ ಇಟ್ಟುಕೊಂಡು, ಊರಿನಲ್ಲಿ ಪೂಜೆ ಪ್ರಾರ್ಥನೆಗೆ ಒಬ್ಬನನ್ನು ನೇಮಿಸಿ, ಅವನಿಗೆ ಚಿಲ್ಲರೆ ಪಾಲನ್ನು ಬಿಡುತ್ತಿತ್ತು. ಎಂಟನೇ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನು ಮುಚ್ಚಿಸಿ ಆಸ್ತಿ ಕಿತ್ತುಕೊಂಡಾಗ ಈ ಧಾನ್ಯದ ಹಕ್ಕೂ ದೊರೆಯ ಕೈಗೆ ಬಂತು, ಅಲ್ಲಿಂದ ಅದನ್ನು ಕೊಂಡ ಜಮೀನುದಾರರ ಕೈಗೆ ಹೋಯಿತು. ಹೀಗೆ ದೇವರ ಹೆಸರಿನಲ್ಲಿ ಎತ್ತಿದ ಗೋಧಿ ಯಾವನೋ ಸಾಹುಕಾರನ ಕಣಜಕ್ಕೆ, ಹಂದಿಮರಿ ಪಾದ್ರಿಯ ಹಿತ್ತಲಿಗೆ. ಚರ್ಚಿನ ಸುಧಾರಣೆಯಾಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ವಿಕಾರ್‌ನ ಪಾಲಿಗೆ ಬದಲಾದದ್ದು ಯಜಮಾನ ಮಾತ್ರ.

ಇದರ ಜೊತೆಗೆ ಚರ್ಚಿನ ಇನಾಂ ಜಮೀನು ಒಂದಿಷ್ಟು ಇರುತ್ತಿತ್ತು. ಪಾದ್ರಿ ಅದನ್ನು ತಾನೇ ಉಳಬಹುದು, ಗೇಣಿಗೂ ಕೊಡಬಹುದು. ಬಡ ಪ್ಯಾರಿಷ್‌ಗಳ ಪಾದ್ರಿಗಳು ವಾರವಿಡೀ ಗದ್ದೆ ಕೆಲಸ ಮಾಡಿ ಭಾನುವಾರ ಉಪದೇಶಕ್ಕೆ ನಿಲ್ಲುವುದು ಅಪರೂಪವೇನಲ್ಲ. ಮದುವೆ, ಶವಸಂಸ್ಕಾರಗಳಿಗೆ ಸಣ್ಣ ಶುಲ್ಕ ಬರುತ್ತಿತ್ತು.

ಇಂಥ ಜಾಗಕ್ಕೆ ಯಾರನ್ನು ನೇಮಿಸಬೇಕು ಎಂಬ ಹಕ್ಕು ಕೂಡ ಆಸ್ತಿಯೇ. ದೊರೆ, ಬಿಷಪ್, ಆಕ್ಸ್‌ಫರ್ಡ್ ಕೇಂಬ್ರಿಜ್‌ನ ಕಾಲೇಜು, ಊರಿನ ಜಮೀನುದಾರ, ಯಾರ ಕೈಯಲ್ಲೂ ಅದು ಇರಬಹುದಿತ್ತು. ಅದನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು, ಪತ್ರಿಕೆಯಲ್ಲಿ ಜಾಹೀರಾತೂ ಬರುತ್ತಿತ್ತು. ಮೊದಲ ಮಗನಿಗೆ ಜಮೀನು, ಎರಡನೆಯವನಿಗೆ ಸೈನ್ಯ, ಮೂರನೆಯವನಿಗೆ ಚರ್ಚು ಎಂದು ಮನೆತನಗಳು ಹಂಚಿಕೊಳ್ಳುತ್ತಿದ್ದದ್ದು ಹೀಗೆ. ಒಳ್ಳೆಯ ವಶೀಲಿ ಇದ್ದವನು ಎರಡು ಮೂರು ಪ್ಯಾರಿಷ್ ಹಿಡಿದು ಎಲ್ಲೋ ಆರಾಮಾಗಿ ಇರುತ್ತಿದ್ದ. ನಿಜವಾದ ಕೆಲಸ ಮಾಡುತ್ತಿದ್ದವನು ಅವನು ನೇಮಿಸಿಕೊಂಡ ಕ್ಯೂರೇಟ್. 18ನೇ ಶತಮಾನದಲ್ಲಿ ಕ್ಯೂರೇಟನಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 30ರಿಂದ 50 ಪೌಂಡ್. ಅವನೂ ಅದೇ ವಿಶ್ವವಿದ್ಯಾಲಯದ ಪದವೀಧರನೇ.

ನಾರ್ಫಕ್ ಸೀಮೆಯ ವೆಸ್ಟನ್ ಲಾಂಗ್‌ವಿಲ್ ಎಂಬ ಹಳ್ಳಿಯಲ್ಲಿ 1776ರಿಂದ ಇದ್ದ ಜೇಮ್ಸ್ ವುಡ್‌ಫರ್ಡ್ ಎಂಬ ಪಾದ್ರಿ ಬಹುತೇಕ ದಿನವೂ ದಿನಚರಿ ಬರೆದಿಟ್ಟ ಪುಣ್ಯಾತ್ಮ. ಅವನನ್ನು ಅಲ್ಲಿಗೆ ನೇಮಿಸಿದ್ದು ಆಕ್ಸ್‌ಫರ್ಡಿನ ನ್ಯೂ ಕಾಲೇಜು. ಡಿಸೆಂಬರ್ ಬಂತೆಂದರೆ ರೈತರೆಲ್ಲ ಅವನ ಮನೆಗೆ ಬಂದು ದಶಮಾಂಶವನ್ನು ಹಣದ ರೂಪದಲ್ಲಿ ಕಟ್ಟುತ್ತಿದ್ದರು. ಅವನು ಅವರಿಗೆ ಮಾಂಸ, ಪುಡಿಂಗ್, ವೈನು, ಪಂಚ್ ಎಂದು ಭರ್ಜರಿ ಊಟ ಹಾಕಿಸುತ್ತಿದ್ದ. ಹಣ ಕಟ್ಟಲು ಬಂದವರು ಬೇಸರಿಸಿಕೊಂಡು ಹೋಗಬಾರದು ಎಂಬ ಜಾಣತನ ಅದು. ಇದೇ ವುಡ್‌ಫರ್ಡ್ ಕಳ್ಳಸಾಗಣೆಯವನಿಂದ ರಾತ್ರಿ ಹೊತ್ತು ಚಹಾ ಪುಡಿ, ಜಿನ್ ತರಿಸಿಕೊಂಡದ್ದನ್ನೂ ಸಂಕೋಚವಿಲ್ಲದೆ ಬರೆದಿದ್ದಾನೆ. ಅವನು ಮದುವೆಯಾಗಲಿಲ್ಲ, ಅಣ್ಣನ ಮಗಳು ಬಂದು ಮನೆ ನೋಡಿಕೊಂಡಳು. ಬಹುಶಃ ಅದಕ್ಕೇ ಅವನ ದಿನಚರಿಯಲ್ಲಿ ನಾಳೆಯ ಚಿಂತೆಗಿಂತ ಇವತ್ತಿನ ಊಟದ ವರ್ಣನೆ ಹೆಚ್ಚು.

ಎಲ್ಲ ಊರಿನಲ್ಲೂ ಹೀಗೆ ಊಟ ಉಪಚಾರದಲ್ಲಿ ಮುಗಿಯುತ್ತಿರಲಿಲ್ಲ. ಯಾವ ಬೆಳೆ ದಶಮಾಂಶಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಪಾದ್ರಿಗೂ ರೈತನಿಗೂ ಕೋರ್ಟು ಕಚೇರಿ ನಡೆಯುತ್ತಿತ್ತು. ತನ್ನ ಸಭೆಯವರ ಮೇಲೆಯೇ ದಾವೆ ಹೂಡಿದವನು ಭಾನುವಾರ ಅವರಿಗೆ ಕ್ಷಮೆಯ ಬಗ್ಗೆ ಉಪದೇಶ ಮಾಡಬೇಕಿತ್ತು. 1836ರ ಕಾನೂನು ಈ ಪಾಲನ್ನು ಹಣಕ್ಕೆ ಪರಿವರ್ತಿಸಿತು: ಗೋಧಿ, ಬಾರ್ಲಿ, ಓಟ್ಸ್ ಮೂರರ ಹಿಂದಿನ ಏಳು ವರ್ಷದ ಸರಾಸರಿ ಬೆಲೆ ನೋಡಿ ಮೊತ್ತ ನಿಗದಿ ಮಾಡುವ ಕ್ರಮ ಬಂತು.

ಇಷ್ಟೆಲ್ಲ ಪಡೆದು ಪಾದ್ರಿ ಮಾಡುತ್ತಿದ್ದ ಕೆಲಸವೇನು ಎಂದು ಕೇಳಿದರೆ, ನಮ್ಮ ಹಳೇ ಮೈಸೂರಿನ ಹಳ್ಳಿಯ ಶಾನುಭೋಗ, ಪುರೋಹಿತ, ಮೇಷ್ಟ್ರು ಮೂವರನ್ನೂ ಒಬ್ಬನಲ್ಲೇ ಸೇರಿಸಿ ನೋಡಿ. ಉಪದೇಶ ಕೆಲಸದ ಒಂದು ಭಾಗವಷ್ಟೇ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಇಂಗ್ಲೆಂಡಿನ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕಿತ್ತು. ಇಂದು ಯಾರಾದರೂ ತಮ್ಮ ವಂಶವೃಕ್ಷ ಹುಡುಕುತ್ತ 16ನೇ ಶತಮಾನದವರೆಗೆ ಹೋಗುವುದು ಈ ಪುಸ್ತಕಗಳನ್ನು ಹಿಡಿದೇ.

ಸ್ವೀಡನ್ ಇನ್ನೂ ಮುಂದೆ ಹೋಯಿತು. 1686ರ ಚರ್ಚ್ ಕಾನೂನಿನ ಬಳಿಕ ಅಲ್ಲಿನ ಪಾದ್ರಿ ಕಾಲಕಾಲಕ್ಕೆ ತನ್ನ ಪ್ಯಾರಿಷ್‌ನ ಮನೆಮನೆಯವರನ್ನು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದ. ಯಜಮಾನ, ಹೆಂಡತಿ, ಮಕ್ಕಳು, ಆಳುಮಕ್ಕಳು ಎಲ್ಲರೂ ಓದಿ ತೋರಿಸಬೇಕು, ಲೂಥರನ ಪ್ರಶ್ನೋತ್ತರ ಪಾಠ ಒಪ್ಪಿಸಬೇಕು. ಯಾರು ಚೆನ್ನಾಗಿ ಓದಿದರು, ಯಾರು ತಡವರಿಸಿದರು ಎಂದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದ. ಶಾಲೆಗಳು ಊರೂರಿಗೂ ಬರುವ ಮೊದಲೇ ಆ ದೇಶದ ಬಹುಪಾಲು ಜನ ಓದಲು ಕಲಿತಿದ್ದಕ್ಕೆ ಇದು ಮುಖ್ಯ ಕಾರಣ. (ಬರೆಯಲು ಅಲ್ಲ, ಓದಲು ಮಾತ್ರ. ಪರೀಕ್ಷೆಯಲ್ಲಿ ಬರವಣಿಗೆ ಇರಲಿಲ್ಲ.) 1749ರಿಂದ ಅದೇ ಪಾದ್ರಿಗಳು ಹುಟ್ಟು ಸಾವಿನ ಕೋಷ್ಟಕ ತುಂಬಿ ಸರಕಾರಕ್ಕೆ ಕಳಿಸತೊಡಗಿದರು. ಇಡೀ ದೇಶದ ಜನಸಂಖ್ಯೆಯ ಎಡೆಬಿಡದ ಅಂಕಿಅಂಶ ಜಗತ್ತಿನಲ್ಲಿ ಮೊದಲು ಶುರುವಾದದ್ದು ಅಲ್ಲಿ. ಪಕ್ಕದ ನಾರ್ವೆಯಲ್ಲಿ ರೈತರಿಗೆ ಆಲೂಗಡ್ಡೆ ಬೆಳೆಯಲು ಕಲಿಸಿದ ಪಾದ್ರಿಗಳಿಗೆ ಆಲೂಗಡ್ಡೆ ಪಾದ್ರಿಗಳೆಂದೇ ಹೆಸರು ಬಿತ್ತು.

ಸ್ಕಾಟ್ಲೆಂಡಿನಲ್ಲಿ ಇದೇ ಬಗೆಯ ಇನ್ನೊಂದು ಸಾಹಸ ನಡೆಯಿತು. ಸರ್ ಜಾನ್ ಸಿಂಕ್ಲೇರ್ ಎಂಬ ಜಮೀನುದಾರ 160ಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಮಾಡಿ ದೇಶದ ಒಂಬೈನೂರಕ್ಕೂ ಮಿಕ್ಕ ಪ್ಯಾರಿಷ್‌ಗಳ ಪಾದ್ರಿಗಳಿಗೆ ಕಳಿಸಿದ. ಮಣ್ಣು ಎಂಥದು, ಕೂಲಿ ಎಷ್ಟು, ಯಾವ ಕಾಯಿಲೆ ಹೆಚ್ಚು, ಎಷ್ಟು ಕುರಿ, ಎಷ್ಟು ದೋಣಿ. ಉತ್ತರಿಸದೆ ಕೂತವರನ್ನು ಬೆನ್ನುಹತ್ತಿ ಪೀಡಿಸಿ ಬರೆಸಿದ. 1791ರಿಂದ 1799ರವರೆಗೆ 21 ಸಂಪುಟಗಳು ಅಚ್ಚಾದವು.

ಆದರೆ ಇಷ್ಟೆಲ್ಲ ಮಾಡಿದ ಪಾದ್ರಿ ಕಣ್ಣು ಮುಚ್ಚಿದ ದಿನವೇ ಅವನ ಸಂಸಾರದ ಕಾಲಡಿಯ ನೆಲ ಸರಿಯುತ್ತಿತ್ತು. ಮನೆ ಅವನದಲ್ಲ, ಹುದ್ದೆಯದು. ಜಮೀನೂ ಹುದ್ದೆಯದು. ಮುಂದಿನವನು ಬರುವ ಮೊದಲು ಹೆಂಡತಿ ಮಕ್ಕಳು ಜಾಗ ಖಾಲಿ ಮಾಡಬೇಕು. ಹ್ಯಾಂಪ್‌ಶೈರಿನ ಸ್ಟೀವನ್‌ಟನ್ ಪ್ಯಾರಿಷ್‌ನ ರೆಕ್ಟರ್ ಜಾರ್ಜ್ ಆಸ್ಟನ್ 1805ರಲ್ಲಿ ತೀರಿಕೊಂಡಾಗ ಅವನ ವರಮಾನ ಅಲ್ಲಿಗೇ ನಿಂತಿತು. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಗಂಡುಮಕ್ಕಳ ನೆರವಿನಲ್ಲಿ ಊರಿಂದೂರಿಗೆ ಮನೆ ಬದಲಿಸುತ್ತ ಬದುಕಿದರು. ಆ ಹೆಣ್ಣುಮಕ್ಕಳಲ್ಲಿ ಕಿರಿಯವಳು ಕಾದಂಬರಿಗಾರ್ತಿ ಜೇನ್ ಆಸ್ಟನ್. ಅವಳ ಕಾದಂಬರಿಗಳಲ್ಲಿ ಮದುವೆಯ ಮಾತು ಬಂದಲ್ಲೆಲ್ಲ ವರ್ಷಕ್ಕೆ ಎಷ್ಟು ಪೌಂಡ್ ಎಂಬ ಪ್ರಶ್ನೆ ಯಾಕೆ ಹಿಂದೆಯೇ ಬರುತ್ತದೆ ಎಂದು ಆಶ್ಚರ್ಯಪಡಬೇಕಿಲ್ಲ. ಹಾವರ್ತ್‌ನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆಯ ಮೂವರು ಹೆಣ್ಣುಮಕ್ಕಳು, ಅವರೂ ಮುಂದೆ ಕಾದಂಬರಿಗಾರ್ತಿಯರಾದವರು, ಪರರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಹೋದದ್ದು, ಸ್ವಂತ ಶಾಲೆ ತೆರೆಯಲು ಹೆಣಗಿದ್ದು ಇದೇ ಭಯದಿಂದ. ಅಲ್ಲಿ ಆದದ್ದು ಉಲ್ಟಾ: ಅಪ್ಪ 84 ವರ್ಷ ಬದುಕಿದ, ಆರು ಮಕ್ಕಳೂ ಅವನಿಗಿಂತ ಮೊದಲೇ ಹೋದರು.

ಒಂದೊಂದು ದೇಶ ಒಂದೊಂದು ತೇಪೆ ಹಾಕಿತು. ಸ್ಕಾಟ್ಲೆಂಡಿನಲ್ಲಿ ಪಾದ್ರಿ ಸತ್ತರೆ ಅರ್ಧ ವರ್ಷದ ಸಂಬಳ ಮನೆಯವರಿಗೆ. ಸ್ವೀಡನ್ನಿನಲ್ಲಿ ವಿಧವೆಗೆ ಒಂದು ವರ್ಷದ ವರಮಾನ. ಅದು ಮುಗಿದ ಮೇಲೆ? ಸ್ವೀಡನ್ ಮತ್ತು ಉತ್ತರ ಜರ್ಮನಿಯ ಕೆಲವು ಕಡೆ ಕಂಡುಕೊಂಡ ದಾರಿ ಇವತ್ತಿಗೆ ವಿಚಿತ್ರವಾಗಿ ಕಾಣುತ್ತದೆ: ಹೊಸದಾಗಿ ಬರುವ ಪಾದ್ರಿ ಹಿಂದಿನವನ ವಿಧವೆಯನ್ನೋ ಮಗಳನ್ನೋ ಮದುವೆಯಾಗಬೇಕು. ಹುದ್ದೆಯೂ ಮನೆಯೂ ಹೆಂಡತಿಯೂ ಒಟ್ಟಿಗೇ ಬರುತ್ತಿದ್ದವು. ಇಪ್ಪತ್ತೈದರ ಯುವಕ ಐವತ್ತರ ವಿಧವೆಗೆ ತಾಳಿ ಕಟ್ಟಿದ ಪ್ರಸಂಗಗಳ ಮೇಲೆ ಜನ ಹಾಸ್ಯ ಕಟ್ಟಿ ಹೇಳುತ್ತಿದ್ದರು. ನಗು ಬರುವುದು ಸಹಜ, ಆದರೆ ಆ ಹೆಂಗಸಿಗೆ ಬೇರೆ ದಾರಿ ಬೀದಿಯದು.

ಸ್ಕಾಟ್ ಪಾದ್ರಿಗಳು ಲೆಕ್ಕಕ್ಕೆ ಕೂತದ್ದು ಈ ಹಿನ್ನೆಲೆಯಲ್ಲಿ. ಒಬ್ಬ ಅಲೆಕ್ಸಾಂಡರ್ ವೆಬ್‌ಸ್ಟರ್. ಕಟ್ಟುನಿಟ್ಟಿನ ಉಪದೇಶಕ, ಆದರೆ ವೈನಿನ ವಿಚಾರದಲ್ಲಿ ಊರಿಗೇ ಹೆಸರುವಾಸಿ. ಇನ್ನೊಬ್ಬ ರಾಬರ್ಟ್ ವಾಲೆಸ್. ಲೆಕ್ಕ ಪರಿಶೀಲಿಸಿ ಕೊಟ್ಟವನು ಎಡಿನ್‌ಬರೋ ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರ್ ಕಾಲಿನ್ ಮೆಕ್ಲಾರಿನ್.

ಇವರಿಗಿಂತ ಮೊದಲೂ ಚಂದಾ ಎತ್ತಿ ವಿಧವೆಯರಿಗೆ ಹಂಚುವ ಸಂಘಗಳಿದ್ದವು. ಅವು ಮುಳುಗುತ್ತಿದ್ದವು, ಮತ್ತು ಮುಳುಗಲು ಕಾರಣ ಮೋಸವಲ್ಲ. ಮೊದಲ ವರ್ಷ ಹದಿನೆಂಟು ವಿಧವೆಯರು ಎಂದಿಟ್ಟುಕೊಳ್ಳಿ. ಚಂದಾ ಸಾಕಷ್ಟು ಮಿಗುತ್ತದೆ, ಸಂಘ ಗಟ್ಟಿಯಾಗಿದೆ ಎನಿಸುತ್ತದೆ. ಮರುವರ್ಷ ಇನ್ನೂ ಹದಿನೆಂಟು ಜನ ಬರುತ್ತಾರೆ, ಮೊದಲಿನವರು ಅಲ್ಲೇ ಇರುತ್ತಾರೆ. ಚಂದಾ ಕಟ್ಟುವವರ ಸಂಖ್ಯೆ ಅಷ್ಟೇ ಇರುತ್ತದೆ, ಪಡೆಯುವವರು ಪ್ರತಿ ವರ್ಷ ಹೆಚ್ಚುತ್ತಾರೆ. ಒಬ್ಬ ವಿಧವೆ ಸರಾಸರಿ ಇಪ್ಪತ್ತು ವರ್ಷ ಬದುಕಿದರೂ ಕೊನೆಗೆ ಸಂಖ್ಯೆ 360ಕ್ಕೆ ಬಂದು ನಿಲ್ಲುತ್ತದೆ. ಹೊಸಬರು ಬರುವ ವೇಗಕ್ಕೂ ಹಳಬರು ತೀರಿಕೊಳ್ಳುವ ವೇಗಕ್ಕೂ ಸಮ ಆಗುವವರೆಗೆ ಭಾರ ಏರುತ್ತಲೇ ಇರುತ್ತದೆ. ಆದ್ದರಿಂದ ಮೊದಲ ವರ್ಷಗಳಲ್ಲಿ ಮಿಕ್ಕಿದ್ದನ್ನು ಹಂಚದೆ ಇಡಗಂಟು ಮಾಡಿ ಬಡ್ಡಿಗೆ ಬಿಡಬೇಕು. ಭಾರ ತುದಿ ಮುಟ್ಟುವ ಹೊತ್ತಿಗೆ ಬಡ್ಡಿ ಕೈಹಿಡಿಯಬೇಕು. ಎಷ್ಟು ಇಡಗಂಟು ಬೇಕು ಎಂದು ತಿಳಿಯಲು ಯಾವ ವಯಸ್ಸಿನವರು ಎಷ್ಟು ಜನ, ಎಷ್ಟು ವರ್ಷದಲ್ಲಿ ಸಾಯುತ್ತಾರೆ ಎಂಬ ಮಾಹಿತಿ ಬೇಕು.

ಮಾಹಿತಿ ಎರಡು ಕಡೆಯಿಂದ ಬಂತು. ಒಂದು, ಅವರೇ ಸ್ಕಾಟ್ಲೆಂಡಿನ ಪಾದ್ರಿ ಸಮಿತಿಗಳಿಗೆಲ್ಲ ಪತ್ರ ಬರೆದು ಹಿಂದಿನ ವರ್ಷಗಳ ಸಾವುಗಳ ವಿವರ ತರಿಸಿದರು. ಯಾವುದೇ ಕಾಲಕ್ಕೆ 930 ಪಾದ್ರಿಗಳಿರುತ್ತಾರೆ, ವರ್ಷಕ್ಕೆ ಸರಾಸರಿ 27 ಜನ ಸಾಯುತ್ತಾರೆ, ಅವರಲ್ಲಿ 18 ಜನಕ್ಕೆ ವಿಧವೆಯರು ಉಳಿಯುತ್ತಾರೆ ಎಂದು ತಿಳಿಯಿತು. ಇನ್ನೊಂದು, ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ 1693ರಲ್ಲಿ ಪ್ರಕಟಿಸಿದ್ದ ಆಯುಷ್ಯದ ಕೋಷ್ಟಕ. ಹ್ಯಾಲಿ ಅದನ್ನು ಮಾಡಿದ್ದು ಬ್ರೆಸ್ಲೌ ನಗರದ ಹುಟ್ಟು ಸಾವಿನ ಅಂಕಿಗಳಿಂದ. ಅವನ್ನು ಕಲೆಹಾಕಿದ್ದವನು ಅಲ್ಲಿನ ಪಾದ್ರಿ ಕಾಸ್ಪರ್ ನಾಯ್ಮನ್. ಒಂದು ಊರಿನ ಪಾದ್ರಿ ಸಮಾಧಿಗಳ ಲೆಕ್ಕ ನೆಟ್ಟಗೆ ಇಟ್ಟದ್ದರಿಂದ ಇನ್ನೊಂದು ದೇಶದ ಪಾದ್ರಿಯ ಹೆಂಡತಿಗೆ ಅನ್ನ ದಕ್ಕಿತು.

1744ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಪಾದ್ರಿ ತನ್ನ ಶಕ್ತಿಯಂತೆ ನಾಲ್ಕು ದರದಲ್ಲಿ ಒಂದನ್ನು ಆರಿಸಬಹುದಿತ್ತು: ವರ್ಷಕ್ಕೆ 2 ಪೌಂಡ್ 12 ಶಿಲ್ಲಿಂಗ್ 6 ಪೆನ್ಸ್‌ನಿಂದ 6 ಪೌಂಡ್ 11 ಶಿಲ್ಲಿಂಗ್ 3 ಪೆನ್ಸ್‌ವರೆಗೆ. ಅದಕ್ಕೆ ತಕ್ಕಂತೆ ವಿಧವೆಗೆ 10ರಿಂದ 25 ಪೌಂಡ್ ವರ್ಷಾಶನ. ವಿಶ್ವವಿದ್ಯಾಲಯಗಳ ಪ್ರೊಫೆಸರುಗಳೂ ಇದರೊಳಗೆ ಸೇರಿದರು. ಇಂದಿನ ಜೀವ ವಿಮೆ, ಪಿಂಚಣಿಗಳ ಗಣಿತಕ್ಕೆ ಇದು ಮೊದಲ ಗಟ್ಟಿ ಉದಾಹರಣೆ. ಲೆಕ್ಕದ ಚಟ ವೆಬ್‌ಸ್ಟರನನ್ನು ಬಿಡಲಿಲ್ಲ. 1755ರಲ್ಲಿ ಪಾದ್ರಿಗಳ ಮೂಲಕವೇ ಸ್ಕಾಟ್ಲೆಂಡಿನ ಜನಗಣತಿ ಮಾಡಿಸಿ 12,65,380 ಎಂದು ಲೆಕ್ಕ ಕೊಟ್ಟ.

ಅದೇ ಶತಮಾನದಲ್ಲಿ ಲಂಡನ್ನಿನ ಬಳಿ ವಿಮಾ ಕಂಪನಿಗೆ ಲೆಕ್ಕದ ಸಲಹೆ ಕೊಡುತ್ತಿದ್ದ ರಿಚರ್ಡ್ ಪ್ರೈಸ್ ಕೂಡ ಪಾದ್ರಿಯೇ, ಆದರೆ ಸರಕಾರಿ ಚರ್ಚಿನಿಂದ ಹೊರಗಿದ್ದ ಪಂಥದವನು. 1662ರಲ್ಲಿ ಹೊಸ ಪ್ರಾರ್ಥನಾ ಪುಸ್ತಕಕ್ಕೆ ಒಪ್ಪದ ಸುಮಾರು ಎರಡು ಸಾವಿರ ಪಾದ್ರಿಗಳು ಇಂಗ್ಲೆಂಡಿನಲ್ಲಿ ಜಾಗ ಕಳೆದುಕೊಂಡಿದ್ದರು. ಅವರ ಪರಂಪರೆಯವರಿಗೆ ದಶಮಾಂಶವಿಲ್ಲ; ಸಭೆಯವರು ಕೊಟ್ಟದ್ದೇ ಸಂಬಳ. ಆಕ್ಸ್‌ಫರ್ಡ್ ಕೇಂಬ್ರಿಜ್‌ನಲ್ಲಿ ಪದವಿಯೂ ಇಲ್ಲ. ಅವರು ತಮ್ಮದೇ ಶಾಲೆಗಳನ್ನು ಕಟ್ಟಿ ಗಣಿತ, ವಿಜ್ಞಾನ ಕಲಿಸಿದರು. ಸಂಭವನೀಯತೆಯ ಸೂತ್ರಕ್ಕೆ ಹೆಸರು ಕೊಟ್ಟ ಥಾಮಸ್ ಬೇಯ್ಸ್ ಆ ಬಳಗದವನು. ಅವನ ಪ್ರಬಂಧವನ್ನು ಅವನು ಸತ್ತ ಮೇಲೆ 1763ರಲ್ಲಿ ಬೆಳಕಿಗೆ ತಂದವನು ಪ್ರೈಸ್.

ಸಂಸಾರಿ ಪಾದ್ರಿಯ ಇನ್ನೊಂದು ಫಲ ಅವನ ಮಕ್ಕಳು. ಆಸ್ತಿ ಬಿಟ್ಟುಹೋಗಲಾರದವನು ವಿದ್ಯೆಯನ್ನಾದರೂ ಕೊಡಬೇಕು, ಮನೆಯಲ್ಲಿ ಪುಸ್ತಕಗಳು ಹೇಗೂ ಇದ್ದವು. ಗಣಿತಜ್ಞ ಆಯ್ಲರ್, ಸಸ್ಯಶಾಸ್ತ್ರಜ್ಞ ಲಿನ್ನೇಯಸ್, ತತ್ವಜ್ಞಾನಿ ನೀಚೆ ಮೂವರೂ ಪಾದ್ರಿಯ ಮಕ್ಕಳು. ದೇವರು ಸತ್ತ ಎಂದು ಸಾರಿದ ನೀಚೆ ಹುಟ್ಟಿದ್ದು ಪಾದ್ರಿಯ ಮನೆಯಲ್ಲಿ. ಲಿನ್ನೇಯಸ್‌ನ ತಂದೆ ಹಿಂದಿನ ಪಾದ್ರಿಯ ಮಗಳನ್ನೇ ಮದುವೆಯಾಗಿ ಆಮೇಲೆ ಆ ಹುದ್ದೆಗೆ ಬಂದವನು.

1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯ ಪಾದ್ರಿಮನೆಯಲ್ಲಿ ಹುಟ್ಟಿದ ಹುಡುಗನೊಬ್ಬ ಕನ್ನಡದವರಿಗೆಲ್ಲ ಗೊತ್ತು: ಫರ್ಡಿನೆಂಡ್ ಕಿಟ್ಟೆಲ್. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಪಾದ್ರಿಗಳನ್ನು ತಯಾರಿಸುವ ಟ್ಯೂಬಿಂಗನ್‌ನಲ್ಲಿ. ಇಬ್ಬರೂ ಬಾಸೆಲ್ ಮಿಶನ್ನಿನವರು. ಇಲ್ಲಿ ಅವರಿಗೆ ದಶಮಾಂಶವೂ ಇಲ್ಲ, ಇನಾಂ ಜಮೀನೂ ಇಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ಕೂತ ಸಮಿತಿ ಕಳಿಸಿದ ಭತ್ಯೆಯೇ ಗತಿ. ಆದ್ದರಿಂದ ಸಂಸಾರದ ಮೇಲೂ ಸಮಿತಿಯದೇ ಹಿಡಿತ. ಬಂದ ಹೊಸದರಲ್ಲಿ ಮದುವೆಯ ಮಾತೆತ್ತುವಂತಿಲ್ಲ. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕರೆ, ಎಷ್ಟೋ ಸಲ ತಾವು ಕಂಡೇ ಇರದ ಹೆಣ್ಣು ಹಡಗು ಹತ್ತಿ ಬರುತ್ತಿದ್ದಳು. ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಬಾಸೆಲಿನ ಮಕ್ಕಳ ಮನೆಗೆ ಕಳಿಸಬೇಕು, ಮತ್ತೆ ಮುಖ ನೋಡಲು ಎಷ್ಟೋ ವರ್ಷ.

ವಿಧವೆಯ ಪ್ರಶ್ನೆಯೂ ಸಮುದ್ರ ದಾಟಿ ಬಂದಿತ್ತು. ಕನ್ನಡ ಬೈಬಲಿನ ಅನುವಾದದಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡ. ಅವನ ಹೆಂಡತಿ ಪೌಲೀನಾಳನ್ನು ಆಮೇಲೆ ಮದುವೆಯಾದವನು ಅವನ ಸೋದರಸಂಬಂಧಿಯೂ ಆಗಿದ್ದ ಮೋಗ್ಲಿಂಗ್. ಕಿಟ್ಟೆಲ್ಲನ ಹೆಂಡತಿ, ಅವಳ ಹೆಸರೂ ಪೌಲೀನಾ, 1864ರಲ್ಲಿ ಸತ್ತಳು; 1867ರಲ್ಲಿ ಅವನು ಅವಳ ತಂಗಿ ಜೂಲಿಯನ್ನು ಮದುವೆಯಾದ. ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅಷ್ಟೂ ವರ್ಷ ಆ ಮನೆ ನಡೆಸಿದ ಜೂಲಿಯ ಬಗ್ಗೆ ನಮ್ಮಲ್ಲಿ ಬರೆದವರು ಕಡಿಮೆ.